ಔಟ್‌ಬೋರ್ಡ್ ಎಂಜಿನ್: ಕ್ರ್ಯಾಂಕ್‌ಕೇಸ್ ಜೋಡಣೆಯಲ್ಲಿ ಸೀಲಂಟ್ ಹಚ್ಚುವುದು ಹೇಗೆ?

ಮಳೆಗಾಲದಲ್ಲಿ ಯಾಂತ್ರೀಕೃತ ಬೋಟುಗಳು ಬಂದರು ಸೇರಿದ ಬಳಿಕ ಕರಾವಳಿ ಕರ್ನಾಟಕದ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ಸಾಂಪ್ರದಾಯಿಕ ದೋಣಿಗಳಿಗೆ ಮೀನುಗಾರಿಕೆಗೆ ಅವಕಾಶವಿದೆ. ವರ್ಷದ ದುಡಿಮೆಯ ದೊಡ್ಡ ಪಾಲು ಈ ಎರಡು ತಿಂಗಳುಗಳಲ್ಲಿಯೇ ಆಗಬೇಕಾದ ಕುಟುಂಬಗಳು ಅನೇಕ. ಕಡಲು ಅತ್ಯಂತ ಪ್ರಕ್ಷುಬ್ಧವಾಗಿರುವುದೂ ಇದೇ ಕಾಲದಲ್ಲಿ.

ಅಳಿವೆಬಾಗಿಲು ದಾಟುವಾಗ ಎಂಜಿನ್ ನಿಂತುಹೋದರೆ ದೋಣಿಯ ಮುಖ ತೆರೆಗೆ ಅಡ್ಡವಾಗಿ ತಿರುಗುತ್ತದೆ. ಅನಂತರ ಅದು ಮಗುಚಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೀಗಾಗಿ ಮಳೆಗಾಲಕ್ಕೆ ಮುನ್ನ ಎಂಜಿನ್ ಬಿಚ್ಚಿ ದುರಸ್ತಿ ಮಾಡಿಸುವುದು ನಾಡದೋಣಿ ಮೀನುಗಾರರಲ್ಲಿ ರೂಢಿ. ಪಿಸ್ಟನ್, ರಿಂಗ್, ಬೇರಿಂಗ್‌ಗಳಿಗೆ ಸಾವಿರಾರು ರೂಪಾಯಿ ವ್ಯಯವಾಗುತ್ತದೆ. ಆದರೆ ಅಷ್ಟೆಲ್ಲ ಖರ್ಚು ಮಾಡಿ ಜೋಡಿಸಿದ ಎಂಜಿನ್ ಕೆಲವೇ ದಿನಗಳಲ್ಲಿ ಮತ್ತೆ ಕೈಕೊಡುವುದುಂಟು. ಅದಕ್ಕೆ ಇರಬಹುದಾದ ಕಾರಣಗಳಲ್ಲಿ, ಕಣ್ಣಿಗೆ ಬೀಳದ ಒಂದು ಕಾರಣವೆಂದರೆ ಕ್ರ್ಯಾಂಕ್‌ಕೇಸ್‌ನ ಎರಡು ಹೋಳುಗಳ ನಡುವಿನ ಸಂದು. ಆ ಸಂದಿಗೆ ಹಚ್ಚುವ ಸೀಲಂಟ್ ಯಾವುದು, ಎಷ್ಟು ಮತ್ತು ಹೇಗೆ ಎಂಬ ಪ್ರಶ್ನೆ ಸಣ್ಣದೆಂದು ತೋರಿದರೂ ಎಂಜಿನ್‌ನ ಆಯುಷ್ಯವನ್ನು ನಿರ್ಧರಿಸಬಲ್ಲದು.

ಕೇವಲ ಪೆಟ್ಟಿಗೆಯಲ್ಲ, ಪಂಪು

ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್‌ಗೆ ಜನಪ್ರಿಯತೆ ತಂದುಕೊಟ್ಟವರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್. ಅವರ ಎಂಜಿನ್ 1909ರಲ್ಲಿ ಮಾರುಕಟ್ಟೆಗೆ ಬಂದಿತು. ಕರ್ನಾಟಕ ಕರಾವಳಿಯ ನಾಡದೋಣಿಗಳಲ್ಲಿ ಇವುಗಳ ಬಳಕೆ ವ್ಯಾಪಕವಾಗಿದ್ದು 1980ರ ದಶಕದ ನಂತರ. ಮೀನುಗಾರರು ಇದನ್ನು ಒಬಿಎಂ ಎಂದೇ ಕರೆಯುತ್ತಾರೆ. ದಶಕಗಳಿಂದ ಇಲ್ಲಿ ಬಳಕೆಯಲ್ಲಿರುವ ಎಂಜಿನ್‌ಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್ ಮಾದರಿಯವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಬಳಿಕ ಸೀಮೆಎಣ್ಣೆಯಲ್ಲಿ ಓಡುವಂಥವೂ ಇವುಗಳಲ್ಲಿ ಸಾಕಷ್ಟಿವೆ.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಎಂಬುದು ಕ್ರ್ಯಾಂಕ್‌ಶಾಫ್ಟನ್ನು ಮುಚ್ಚಿಡುವ ಪೆಟ್ಟಿಗೆ ಮಾತ್ರವಲ್ಲ. ಅದು ಪಂಪಿನ ಕೆಲಸವನ್ನೂ ಮಾಡುತ್ತದೆ. ಪಿಸ್ಟನ್ ಮೇಲೆ ಸರಿದಾಗ ಕ್ರ್ಯಾಂಕ್‌ಕೇಸ್‌ನ ಒಳಗೆ ಒತ್ತಡ ತಗ್ಗಿ, ಕಾರ್ಬ್ಯುರೇಟರ್‌ನಿಂದ ಗಾಳಿ, ಇಂಧನ ಮತ್ತು ಆಯಿಲ್‌ನ ಮಿಶ್ರಣವನ್ನು ರೀಡ್ ವಾಲ್ವ್ ಮೂಲಕ ಒಳಗೆಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಮಿಶ್ರಣ ಒತ್ತಡಕ್ಕೊಳಗಾಗಿ, ಪಕ್ಕದ ದಾರಿಗಳ ಮೂಲಕ ಸಿಲಿಂಡರ್‌ನೊಳಕ್ಕೆ ನುಗ್ಗುತ್ತದೆ. ಕ್ರ್ಯಾಂಕ್‌ಶಾಫ್ಟ್‌ನ ಪ್ರತಿಯೊಂದು ಸುತ್ತಿಗೂ ಒಮ್ಮೆ ಈ ಎಳೆತ ಮತ್ತು ಒತ್ತಡ ನಡೆಯುತ್ತದೆ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್‌ಕೇಸ್ ಸೆಕೆಂಡಿಗೆ 83 ಬಾರಿ ಉಸಿರಾಡಿದಂತೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. 9.9 ಅಶ್ವಶಕ್ತಿ ವರ್ಗದ ಎಂಜಿನ್‌ಗಳಲ್ಲಿ ಹೆಚ್ಚಿನವುಗಳಿಗೆ ಎರಡು ಸಿಲಿಂಡರ್‌ಗಳಿರುತ್ತವೆ. ಪ್ರತಿ ಸಿಲಿಂಡರ್‌ಗೂ ಕ್ರ್ಯಾಂಕ್‌ಕೇಸ್‌ನಲ್ಲಿ ಪ್ರತ್ಯೇಕ ಕೋಣೆ. ಒಂದು ಕೋಣೆ ಎಳೆದುಕೊಳ್ಳುತ್ತಿರುವಾಗ ಇನ್ನೊಂದು ಒತ್ತುತ್ತಿರುತ್ತದೆ. ಎರಡರ ನಡುವಿನ ಗೋಡೆಯ ಸಂದಿನಲ್ಲಿ ಸೋರಿಕೆಯಾದರೆ ಹೊರಗೆ ಒಂದು ಹನಿಯೂ ಕಾಣಿಸದು, ಆದರೆ ಎರಡೂ ಸಿಲಿಂಡರ್‌ಗಳ ಬಲ ಕುಂದುತ್ತದೆ.

ಸಂದು ಸೋರಿದರೆ ಆಗುವುದೇನು?

ಸೋರಿಕೆಯೆಂದರೆ ಎಣ್ಣೆ ಹೊರಗೆ ಬರುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಅದಕ್ಕಿಂತ ಅಪಾಯಕಾರಿಯಾದುದು ಹೊರಗಿನ ಗಾಳಿ ಒಳಗೆ ಬರುವುದು. ಕಾರ್ಬ್ಯುರೇಟರ್ ಅಳೆದು ಕೊಟ್ಟ ಮಿಶ್ರಣಕ್ಕೆ ಸಂದಿನಿಂದ ಹೆಚ್ಚುವರಿ ಗಾಳಿ ಸೇರಿದರೆ ಮಿಶ್ರಣ ತೆಳುವಾಗುತ್ತದೆ. ತೆಳುವಾದ ಮಿಶ್ರಣ ಉರಿದಾಗ ಪಿಸ್ಟನ್‌ನ ತಲೆ ಅತಿಯಾಗಿ ಕಾಯುತ್ತದೆ. ಈ ಎಂಜಿನ್‌ಗಳಲ್ಲಿ ಬೇರಿಂಗ್ ಮತ್ತು ಪಿಸ್ಟನ್‌ಗಳಿಗೆ ನಯವೊದಗಿಸುವ ಆಯಿಲ್ ಕೂಡ ಇಂಧನದ ಜೊತೆಗೇ ಬರುವುದರಿಂದ, ಇಂಧನದ ಪಾಲು ತಗ್ಗಿದರೆ ಆಯಿಲ್‌ನ ಪಾಲೂ ತಗ್ಗುತ್ತದೆ. ಶಾಖ ಹೆಚ್ಚುವುದು ಮತ್ತು ಆಯಿಲ್ ಕಡಿಮೆಯಾಗುವುದು ಒಟ್ಟಿಗೇ ಸಂಭವಿಸಿ ಪಿಸ್ಟನ್ ಸಿಲಿಂಡರ್‌ನ ಗೋಡೆಗೆ ಹಿಡಿದುಕೊಳ್ಳುತ್ತದೆ. ಎಂಜಿನ್ ಸೀಜ್ ಆಗುವುದೆಂದರೆ ಇದೇ.

ಸೀಜ್ ಆಗುವ ಮೊದಲು ಎಂಜಿನ್ ಕೆಲವು ಸೂಚನೆಗಳನ್ನು ನೀಡುತ್ತದೆ. ಹಗ್ಗ ಎಷ್ಟು ಎಳೆದರೂ ಸುಲಭವಾಗಿ ಸ್ಟಾರ್ಟ್ ಆಗದಿರುವುದು, ಚೋಕ್ ತೆಗೆದೊಡನೆ ನಿಂತುಹೋಗುವುದು, ಥ್ರಾಟಲ್ ಮುಚ್ಚಿದ್ದರೂ ವೇಗ ತನ್ನಿಂದ ತಾನೇ ಏರುವುದು, ಒಂದು ಸ್ಪಾರ್ಕ್ ಪ್ಲಗ್ ಕಂದು ಬಣ್ಣಕ್ಕಿದ್ದು ಇನ್ನೊಂದು ಬಿಳಿಚಿಕೊಂಡಿರುವುದು, ಸಂದಿನ ಉದ್ದಕ್ಕೂ ಜಿಡ್ಡಿನ ಗೆರೆ ಮೂಡಿರುವುದು ಇವುಗಳಲ್ಲಿ ಮುಖ್ಯವಾದವು. ಇವುಗಳಿಗೆ ಕಾರ್ಬ್ಯುರೇಟರ್‌ನ ದೋಷವೂ ಕಾರಣವಾಗಿರಬಹುದು. ಆದರೆ ಕಾರ್ಬ್ಯುರೇಟರ್ ಎಷ್ಟು ಬಾರಿ ತೊಳೆದರೂ ತೊಂದರೆ ನೀಗದಿದ್ದರೆ ಕ್ರ್ಯಾಂಕ್‌ಕೇಸ್ ಸಂದು ಮತ್ತು ಆಯಿಲ್ ಸೀಲ್‌ಗಳತ್ತ ಗಮನ ಹರಿಸಬೇಕಾಗುತ್ತದೆ.

ಇಲ್ಲಿ ಪ್ಯಾಕಿಂಗ್ ಏಕಿಲ್ಲ?

ಸಿಲಿಂಡರ್ ಹೆಡ್, ಎಕ್ಸಾಸ್ಟ್ ಕವರ್ ಮೊದಲಾದೆಡೆ ಪ್ಯಾಕಿಂಗ್ ಇರುತ್ತದೆ. ಬಹುತೇಕ ಔಟ್‌ಬೋರ್ಡ್ ಎಂಜಿನ್‌ಗಳ ಕ್ರ್ಯಾಂಕ್‌ಕೇಸ್ ಸಂದಿಗೆ ಮಾತ್ರ ಅದು ಇರುವುದಿಲ್ಲ. ಇದಕ್ಕೆ ಖಚಿತ ಕಾರಣವಿದೆ.

ಕ್ರ್ಯಾಂಕ್‌ಕೇಸ್‌ನ ಒಂದು ಹೋಳು ಸಿಲಿಂಡರ್ ಬ್ಲಾಕ್‌ನ ಭಾಗವೇ ಆಗಿರುತ್ತದೆ. ಇನ್ನೊಂದು ಹೋಳು ಅದರ ಮೇಲೆ ಕುಳಿತುಕೊಳ್ಳುತ್ತದೆ. ಸಂದು ಹಾಯುವುದು ಕ್ರ್ಯಾಂಕ್‌ಶಾಫ್ಟ್‌ನ ನಡುಗೆರೆಯ ಉದ್ದಕ್ಕೆ. ಅಂದರೆ ಬೇರಿಂಗ್ ಕೂರುವ ದುಂಡನೆಯ ಜಾಗದ ಅರ್ಧ ಒಂದು ಹೋಳಿನಲ್ಲಿ, ಇನ್ನರ್ಧ ಮತ್ತೊಂದರಲ್ಲಿ. ಕಾರ್ಖಾನೆಯಲ್ಲಿ ಎರಡೂ ಹೋಳುಗಳನ್ನು ಬೋಲ್ಟ್ ಹಾಕಿ ಬಿಗಿದ ನಂತರವೇ ಈ ಜಾಗವನ್ನು ಕೊರೆದು ಅಳತೆಗೆ ತರಲಾಗುತ್ತದೆ. ನಡುವೆ ಕಾಗದದ ಪ್ಯಾಕಿಂಗ್ ಇಟ್ಟರೆ ಆ ದುಂಡು ಅಂಡಾಕಾರವಾಗುತ್ತದೆ. ಬೇರಿಂಗ್ ಸಡಿಲಗೊಂಡು ಬಡಿದುಕೊಳ್ಳಲಾರಂಭಿಸುತ್ತದೆ.

ಆದ್ದರಿಂದ ಇಲ್ಲಿ ಲೋಹ ಲೋಹವನ್ನೇ ಮುಟ್ಟಬೇಕು. ಯಂತ್ರದಿಂದ ಎಷ್ಟೇ ನುಣುಪಾಗಿ ಕಡೆದರೂ ಲೋಹದ ಮೈಯಲ್ಲಿ ಸೂಕ್ಷ್ಮ ತಗ್ಗುಗಳು ಉಳಿದಿರುತ್ತವೆ. ಆ ತಗ್ಗುಗಳನ್ನು ತುಂಬುವುದಷ್ಟೇ ಸೀಲಂಟ್‌ನ ಕೆಲಸ. ಎರಡು ಹೋಳುಗಳ ನಡುವೆ ಪದರವಾಗಿ ನಿಲ್ಲುವುದು ಅದರ ಕೆಲಸವಲ್ಲ.

ಇದೇ ಕಾರಣಕ್ಕೆ ಎರಡೂ ಹೋಳುಗಳು ಒಂದು ಜೋಡಿ. ಒಂದು ಎಂಜಿನ್‌ನ ಹೋಳನ್ನು ಅದೇ ಮಾದರಿಯ ಇನ್ನೊಂದು ಎಂಜಿನ್‌ಗೆ ಹಾಕುವಂತಿಲ್ಲ. ಗುಜರಿಯಿಂದ ತಂದ ಒಂಟಿ ಹೋಳು ಹೊರನೋಟಕ್ಕೆ ಸರಿಯಾಗಿ ಕುಳಿತರೂ ಬೇರಿಂಗ್‌ನ ಜಾಗ ಸರಿಹೊಂದುವ ಭರವಸೆ ಇಲ್ಲ.

ಯಾವ ಸೀಲಂಟ್ ಸೂಕ್ತ?

ಗ್ಯಾರೇಜುಗಳಲ್ಲಿ ಸೀಲಂಟ್‌ಗೆ ಪೇಸ್ಟ್, ಗಮ್ ಎಂಬ ಹೆಸರುಗಳಿವೆ. ಹೆಸರು ಒಂದೇ ಆದರೂ ವಸ್ತುಗಳು ಬೇರೆ ಬೇರೆ.

ಸಿಲಿಕಾನ್: ಟ್ಯೂಬಿನಲ್ಲಿ ಸಿಗುವ, ಗಾಳಿಯ ತೇವದಿಂದ ರಬ್ಬರಿನಂತೆ ಗಟ್ಟಿಯಾಗುವ ವಸ್ತು. ಅಗ್ಗವಾಗಿ ಎಲ್ಲೆಡೆ ಸಿಗುತ್ತದೆ. ಆದರೆ ಸಾಮಾನ್ಯ ಸಿಲಿಕಾನ್ ಪೆಟ್ರೋಲಿನ ಸಂಪರ್ಕಕ್ಕೆ ಬಂದರೆ ಉಬ್ಬಿ ಮೆತ್ತಗಾಗುತ್ತದೆ. ಒಳಗೆ ಹಿಂಡಿಕೊಂಡ ಭಾಗ ತುಂಡಾಗಿ ಆಯಿಲ್ ಹರಿಯುವ ರಂಧ್ರಗಳಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಟೂ-ಸ್ಟ್ರೋಕ್ ಕ್ರ್ಯಾಂಕ್‌ಕೇಸ್‌ಗೆ ಇದು ತಕ್ಕುದಲ್ಲ.

ಶೆಲ್ಲಾಕ್: ಅರಗಿನಿಂದ ತಯಾರಾಗುವ ಇದು ಹಳೆಯ ಮೆಕ್ಯಾನಿಕ್‌ಗಳ ನೆಚ್ಚಿನ ವಸ್ತು. ಇದು ಒಣಗಿದಾಗ ಗಡುಸಾಗಿ ಬಿರುಕು ಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಶೆಲ್ಲಾಕ್ ಮದ್ಯಸಾರದಲ್ಲಿ ಕರಗುವ ವಸ್ತು. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಎಥೆನಾಲ್ ಎಂದರೆ ಮದ್ಯಸಾರವೇ ಆದ್ದರಿಂದ ಇಂಥ ಪೆಟ್ರೋಲ್ ಬಳಸುವ ಎಂಜಿನ್‌ನಲ್ಲಿ ಶೆಲ್ಲಾಕನ್ನು ನೆಚ್ಚುವಂತಿಲ್ಲ.

ಅನಾರೋಬಿಕ್ ಸೀಲಂಟ್: ಔಟ್‌ಬೋರ್ಡ್ ತಯಾರಕರ ಸರ್ವಿಸ್ ಕೈಪಿಡಿಗಳು ಕ್ರ್ಯಾಂಕ್‌ಕೇಸ್ ಸಂದಿಗೆ ಸಾಮಾನ್ಯವಾಗಿ ಸೂಚಿಸುವುದು ಈ ಬಗೆಯನ್ನು. ಲಾಕ್‌ಟೈಟ್ 518 ಇದಕ್ಕೊಂದು ಉದಾಹರಣೆ. ಎಂಜಿನ್ ಕಂಪನಿಗಳು ತಮ್ಮದೇ ಹೆಸರಿನಲ್ಲಿಯೂ ಇದನ್ನು ಮಾರುತ್ತವೆ. ಯಾವುದೇ ಸಂದರ್ಭದಲ್ಲಿ ಆಯಾ ಮಾದರಿಯ ಕೈಪಿಡಿಯಲ್ಲಿ ಹೇಳಿರುವುದೇ ಅಂತಿಮ. ಹಳೆಯ ಕೆಲವು ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳಲ್ಲಿ ಸಂದಿನ ಉದ್ದಕ್ಕೂ ಒಂದು ಗೀರು ಇದ್ದು, ಅದರಲ್ಲಿ ರಬ್ಬರಿನ ಎಳೆ ಕೂರಿಸಬೇಕಾಗುತ್ತದೆ. ಅಲ್ಲಿ ಹಳೆಯ ಎಳೆಯನ್ನೇ ಮರಳಿ ಬಳಸಬಾರದು.

ಗಾಳಿ ಸಿಗದಿದ್ದರೆ ಗಟ್ಟಿಯಾಗುವ ಅಂಟು

ಅನಾರೋಬಿಕ್ ಎಂದರೆ ಗಾಳಿಯಿಲ್ಲದ ಸ್ಥಿತಿಗೆ ಸಂಬಂಧಿಸಿದ್ದು ಎಂದರ್ಥ. ಸಾಮಾನ್ಯ ಅಂಟು ಗಾಳಿಗೆ ಒಣಗಿದರೆ ಇದು ತದ್ವಿರುದ್ಧ. ಗಾಳಿಯಲ್ಲಿನ ಆಮ್ಲಜನಕ ಇರುವಷ್ಟು ಕಾಲ ದ್ರವವಾಗಿಯೇ ಉಳಿಯುತ್ತದೆ. ಎರಡು ಲೋಹಗಳ ನಡುವೆ ಸಿಕ್ಕಿ ಗಾಳಿ ತಪ್ಪಿದಾಗ, ಲೋಹದ ಸಂಪರ್ಕದಿಂದ ಪ್ರಚೋದನೆ ಪಡೆದು ಗಟ್ಟಿಯಾಗುತ್ತದೆ.

ಈ ಗುಣದ ರಾಸಾಯನಿಕವನ್ನು 1940ರ ದಶಕದಲ್ಲಿಯೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಗುರುತಿಸಿದ್ದರು. ಆದರೆ ಅದನ್ನು ದ್ರವವಾಗಿ ಉಳಿಸಲು ನಿರಂತರವಾಗಿ ಗಾಳಿ ಹಾಯಿಸಬೇಕಾಗಿತ್ತು. ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ಇದನ್ನು ಬಾಟಲಿಯಲ್ಲಿ ಕಾಪಿಡಬಲ್ಲ ರೂಪಕ್ಕೆ ತಂದರು. ಮುಂದೆ ಲಾಕ್‌ಟೈಟ್ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು ಅದೇ. 1997ರಿಂದ ಆ ಕಂಪನಿ ಜರ್ಮನಿಯ ಹೆಂಕೆಲ್ ಸಂಸ್ಥೆಯ ಒಡೆತನದಲ್ಲಿದೆ.

ಕ್ರ್ಯಾಂಕ್‌ಕೇಸ್‌ಗೆ ಈ ಗುಣ ಎರಡು ರೀತಿಯಲ್ಲಿ ಅನುಕೂಲ. ಒಂದು, ಬಿಗಿದಾಗ ಹೆಚ್ಚಾದ ಸೀಲಂಟ್ ಹೊರಗೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಎರಡು, ಒಳಗೆ ಹಿಂಡಿಕೊಂಡ ಅಲ್ಪ ಪ್ರಮಾಣದ ಸೀಲಂಟ್ ಗಾಳಿಯ ಸಂಪರ್ಕದಿಂದ ಗಟ್ಟಿಯಾಗದೆ ಉಳಿದು ಇಂಧನದೊಂದಿಗೆ ತೊಳೆದುಹೋಗುತ್ತದೆ. ಹಾಗೆಂದು ಧಾರಾಳವಾಗಿ ಬಳಿಯುವಂತಿಲ್ಲ. ಬೇರಿಂಗ್‌ನ ಒಳಗೆ ಸೇರಿದ ಸೀಲಂಟ್‌ಗೆ ಗಾಳಿ ಸಿಗದೆ ಅದು ಅಲ್ಲಿಯೇ ಗಟ್ಟಿಯಾಗಬಹುದು.

ಈ ಸೀಲಂಟನ್ನು ಬಾಟಲಿಯಲ್ಲಿ ಪೂರ್ತಿ ತುಂಬದೆ ಮಾರುವುದೂ ಒಳಗೆ ಗಾಳಿ ಇರಲೆಂದೇ. ಬಳಸಿ ಉಳಿದದ್ದನ್ನು ಮರಳಿ ಬಾಟಲಿಗೆ ಸುರಿಯುವುದಾಗಲಿ, ಲೋಹದ ಕಡ್ಡಿಯನ್ನು ಅದರಲ್ಲಿ ಅದ್ದುವುದಾಗಲಿ ಸಲ್ಲದು. ಲೋಹದ ಕಣ ಸೇರಿದರೆ ಉಳಿದ ಸೀಲಂಟೂ ಕೆಡುತ್ತದೆ.

ಮೊದಲು ಮೈ ಶುಚಿಯಾಗಲಿ

ಸೀಲಂಟ್ ವಿಫಲವಾಗಲು ಸಾಮಾನ್ಯ ಕಾರಣ ಜಿಡ್ಡು ಮತ್ತು ಹಳೆಯ ಸೀಲಂಟ್‌ನ ಪೊರೆ. ಅದನ್ನು ಗ್ಯಾಸ್ಕೆಟ್ ರಿಮೂವರ್ ಅಥವಾ ಅಸಿಟೋನ್‌ನಿಂದ ಮೆತ್ತಗಾಗಿಸಿ, ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಎತ್ತಿ ತೆಗೆಯಬೇಕು. ಸ್ಕ್ರೂಡ್ರೈವರ್, ಬ್ಲೇಡು, ತಂತಿಯ ಬ್ರಷ್‌ಗಳಿಂದ ಕೆರೆಯುವುದು ಅಪಾಯಕಾರಿ. ಅಲ್ಯೂಮಿನಿಯಂ ಮೃದು ಲೋಹ. ಒಳಗಿನಿಂದ ಹೊರಗಿನವರೆಗೆ ಹಾಯ್ದ ಒಂದೇ ಒಂದು ಗೀರು ಗಾಳಿಗೆ ದಾರಿ ಮಾಡಿಕೊಡಬಲ್ಲದು.

ಅರದಿಂದ ಉಜ್ಜುವುದು, ಉಜ್ಜುಕಾಗದ ಹಾಕಿ ತಿಕ್ಕುವುದು ಕೂಡ ತಪ್ಪು. ಮೈ ಸವೆದಷ್ಟೂ ಎರಡು ಹೋಳುಗಳು ಹತ್ತಿರವಾಗಿ ಬೇರಿಂಗ್‌ನ ಜಾಗ ಕಿರಿದಾಗುತ್ತದೆ.

ಉಪ್ಪುನೀರಿನಲ್ಲಿ ದುಡಿದ ಎಂಜಿನ್‌ಗಳಲ್ಲಿ ಬೋಲ್ಟ್‌ಗಳ ರಂಧ್ರಗಳೊಳಗೆ ಬಿಳಿಯ ತುಕ್ಕು ಕಟ್ಟಿಕೊಂಡಿರುತ್ತದೆ. ಅದನ್ನು ತೆಗೆಯದಿದ್ದರೆ ಬೋಲ್ಟ್ ಬಿಗಿಯಾದಂತೆ ತೋರಿದರೂ ಹೋಳುಗಳು ಒತ್ತಿಕೊಂಡಿರುವುದಿಲ್ಲ. ಕೊನೆಯದಾಗಿ ಎರಡೂ ಮೈಗಳನ್ನು ಅಸಿಟೋನ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಆನಂತರ ಕೈಬೆರಳು ತಾಗಿಸಬಾರದು. ಈ ಕೆಲಸವನ್ನು ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿದ್ದು ಮಾಡುವುದು ಅವಶ್ಯ.

ಹಚ್ಚುವ ಕ್ರಮ

ಸೀಲಂಟ್ ಹಚ್ಚುವ ಮುನ್ನವೇ ಕ್ರ್ಯಾಂಕ್‌ಶಾಫ್ಟನ್ನು ಬ್ಲಾಕ್‌ನಲ್ಲಿ ಸರಿಯಾಗಿ ಕೂರಿಸಿರಬೇಕು. ಬೇರಿಂಗ್‌ನ ಹೊರಸುತ್ತಿನ ರಂಧ್ರ ಮತ್ತು ಅದನ್ನು ಹಿಡಿದಿಡುವ ಪಿನ್‌ಗಳು ಒಂದಕ್ಕೊಂದು ಹೊಂದಿರಬೇಕು. ಹೊಸ ಆಯಿಲ್ ಸೀಲ್‌ಗಳನ್ನು ಸ್ಥಾನದಲ್ಲಿ ಇಟ್ಟಿರಬೇಕು. ಒಮ್ಮೆ ಸೀಲಂಟ್ ಇಲ್ಲದೆ ಮುಚ್ಚಿ ನೋಡಿ, ಎರಡೂ ಹೋಳುಗಳು ಅಂತರವಿಲ್ಲದೆ ಕೂರುತ್ತವೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಸೀಲಂಟನ್ನು ಒಂದು ಹೋಳಿಗೆ ಮಾತ್ರ ಹಚ್ಚಿದರೆ ಸಾಕು. ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ, ಎಲ್ಲಿಯೂ ಕಡಿಯದ ಎಳೆಯಾಗಿ ಅದನ್ನು ಎಳೆಯಬೇಕು. ಎಳೆ ಬೋಲ್ಟ್ ರಂಧ್ರಗಳ ಒಳಬದಿಯಲ್ಲಿ ಹಾಯಬೇಕು. ಹೊರಬದಿಯಲ್ಲಿ ಹಾಯ್ದರೆ ಬೋಲ್ಟ್‌ನ ರಂಧ್ರದ ಮೂಲಕವೇ ಗಾಳಿ ನುಸುಳಲು ಅವಕಾಶವಾಗುತ್ತದೆ. ಎರಡು ಕೋಣೆಗಳ ನಡುವಿನ ಗೋಡೆಯ ಮೇಲೂ ಎಳೆ ಹಾಯಬೇಕು. ಹಲವೆಡೆ ಮರೆತುಹೋಗುವುದು ಇದೇ.

ಬೇರಿಂಗ್‌ಗಳು, ನಡುವಿನ ಸೀಲ್‌ಗಳು ಮತ್ತು ಆಯಿಲ್ ರಂಧ್ರಗಳ ಹತ್ತಿರ ಕೆಲವು ಮಿಲಿಮೀಟರ್‌ಗಳಷ್ಟು ಜಾಗ ಬಿಡಬೇಕು. ಬಿಗಿದಾಗ ಎಳೆ ಹರಡಿ ಆ ಜಾಗವನ್ನು ತಾನಾಗಿಯೇ ತುಂಬುತ್ತದೆ. ಎಷ್ಟು ಅಂತರ ಎಂಬುದನ್ನು ಕೈಪಿಡಿಗಳಲ್ಲಿ ಚಿತ್ರಸಹಿತ ನೀಡಲಾಗಿರುತ್ತದೆ.

ನಡುವಿನಿಂದ ಹೊರಕ್ಕೆ

ಹೋಳನ್ನು ನೇರವಾಗಿ ಇಳಿಸಿ ಕೂರಿಸಬೇಕು. ಅತ್ತಿತ್ತ ಜಾರಿಸಿದರೆ ಎಳೆ ಒರೆಸಿಹೋಗುತ್ತದೆ. ಬೋಲ್ಟ್‌ಗಳನ್ನು ನಡುವಿನಿಂದ ಆರಂಭಿಸಿ ಹೊರಗಿನ ಕಡೆಗೆ ಬಿಗಿಯುವುದು ಸಾಮಾನ್ಯ ಕ್ರಮ. ಅಂಚಿನಿಂದ ಬಿಗಿಯುತ್ತ ಬಂದರೆ ನಡುವೆ ಹೋಳು ಸ್ವಲ್ಪ ಉಬ್ಬಿ ಅಲ್ಲಿ ಸಂದು ಉಳಿಯುತ್ತದೆ. ಹಲವು ಎಂಜಿನ್‌ಗಳಲ್ಲಿ ಕ್ರಮಸಂಖ್ಯೆಯನ್ನು ಲೋಹದ ಮೇಲೆಯೇ ಅಚ್ಚು ಹಾಕಿರುತ್ತಾರೆ.

ಒಂದೇ ಬಾರಿಗೆ ಪೂರ್ತಿ ಬಿಗಿಯದೆ, ಮೊದಲು ಅರ್ಧದಷ್ಟು, ಆನಂತರ ಪೂರ್ತಿ ಎಂಬಂತೆ ಎರಡು ಹಂತಗಳಲ್ಲಿ ಟಾರ್ಕ್ ರೆಂಚ್ ಬಳಸಿ ಬಿಗಿಯಬೇಕು. ಕೈ ಅಂದಾಜಿನ ಮೇಲೆ ಬಿಗಿದರೆ ಅಲ್ಯೂಮಿನಿಯಂನ ಮರೆ ಕಿತ್ತುಬರಬಹುದು, ಇಲ್ಲವೇ ಒಂದು ಬೋಲ್ಟ್ ಸಡಿಲವಾಗಿಯೇ ಉಳಿಯಬಹುದು. ಪ್ರತಿ ಹಂತದಲ್ಲಿಯೂ ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಹಿಡಿದಂತೆ ಭಾಸವಾದರೆ ಅಲ್ಲಿಗೇ ನಿಲ್ಲಿಸಿ ಬಿಚ್ಚಿ ಪರೀಕ್ಷಿಸುವುದು ಸೂಕ್ತ. ಬೇರಿಂಗ್ ಪಿನ್ ತಪ್ಪಿ ಕುಳಿತಿರುವ ಸಾಧ್ಯತೆ ಇರುತ್ತದೆ.

ಕಾಯುವಿಕೆ ಮತ್ತು ಪರೀಕ್ಷೆ

ಅನಾರೋಬಿಕ್ ಸೀಲಂಟ್ ಗಟ್ಟಿಯಾಗುವ ವೇಗ ಲೋಹವನ್ನು ಅವಲಂಬಿಸಿದೆ. ತಾಮ್ರ, ಹಿತ್ತಾಳೆ, ಕಬ್ಬಿಣದ ಮೇಲೆ ಬೇಗ. ಅಲ್ಯೂಮಿನಿಯಂ ಮೇಲೆ ನಿಧಾನ. ಔಟ್‌ಬೋರ್ಡ್ ಬ್ಲಾಕ್‌ಗಳು ಅಲ್ಯೂಮಿನಿಯಂನಿಂದಾದವು. ಆದ್ದರಿಂದ ಒಂದು ದಿನ ಹಾಗೆಯೇ ಬಿಡುವುದು ಕ್ಷೇಮ. ಅವಸರವಿದ್ದವರಿಗೆ ಪ್ರೈಮರ್ ಎಂಬ ಸಹಾಯಕ ದ್ರವ ಸಿಗುತ್ತದೆ. ಸಂಜೆ ಜೋಡಿಸಿ ಮರುದಿನ ನಸುಕಿನಲ್ಲಿಯೇ ಕಡಲಿಗಿಳಿಯುವುದು ಜಾಣತನವಲ್ಲ.

ಸಾಧ್ಯವಿದ್ದಲ್ಲಿ ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ದಾರಿಗಳನ್ನು ಮುಚ್ಚಿ, ಕೈಪಂಪಿನಿಂದ ಅಲ್ಪ ಒತ್ತಡದ ಗಾಳಿ ತುಂಬಿ, ಸಂದಿನ ಮೇಲೆ ಸೋಪಿನ ನೀರು ಸವರಿ ಪರೀಕ್ಷಿಸಬಹುದು. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ ಎಂದರ್ಥ. ಟಯರಿಗೆ ಗಾಳಿ ತುಂಬುವ ಕಂಪ್ರೆಸರ್ ಇದಕ್ಕೆ ಬಳಸಬಾರದು. ಅಧಿಕ ಒತ್ತಡಕ್ಕೆ ಆಯಿಲ್ ಸೀಲ್‌ಗಳೇ ಕಿತ್ತುಬರಬಹುದು.

ಸೀಲಂಟ್ ಮಾಡಲಾಗದ ಕೆಲಸ

ಬಾಗಿದ ಹೋಳು, ಬಿರುಕು ಬಿಟ್ಟ ಬ್ಲಾಕ್, ಮರೆ ಕಿತ್ತುಹೋದ ಬೋಲ್ಟ್ ರಂಧ್ರ, ಉಪ್ಪುನೀರಿಗೆ ತಿಂದುಹೋದ ಮೈ ಇವುಗಳಿಗೆ ಯಾವ ಸೀಲಂಟೂ ಪರಿಹಾರವಲ್ಲ. ಈ ಬಗೆಯ ಸೀಲಂಟ್ ತುಂಬಬಲ್ಲ ಅಂತರ ಬಹುತೇಕ ಕಾಲು ಮಿಲಿಮೀಟರ್‌ಗಿಂತ ಹೆಚ್ಚಿಲ್ಲ. ಹೊರಗಿನಿಂದ ಸಂದಿನ ಮೇಲೆ ಪೇಸ್ಟ್ ಮೆತ್ತುವುದೂ ಪ್ರಯೋಜನವಿಲ್ಲದ ಕೆಲಸ. ಗಾಳಿ ಸಿಗುವುದರಿಂದ ಅನಾರೋಬಿಕ್ ಸೀಲಂಟ್ ಹೊರಮೈಯಲ್ಲಿ ಗಟ್ಟಿಯಾಗುವುದೇ ಇಲ್ಲ.

ಫೋರ್-ಸ್ಟ್ರೋಕ್ ಎಂಜಿನ್‌ಗಳ ವಿಚಾರ ತುಸು ಬೇರೆ. ಅವುಗಳ ಕ್ರ್ಯಾಂಕ್‌ಕೇಸ್ ಇಂಧನವನ್ನು ಪಂಪು ಮಾಡುವುದಿಲ್ಲ. ಅಲ್ಲಿ ಸಂದು ಸೋರಿದರೆ ಆಯಿಲ್ ಹೊರಗೆ ಬರುತ್ತದೆ, ಮಿಶ್ರಣ ತೆಳುವಾಗುವುದಿಲ್ಲ. ಸೀಲಂಟ್‌ನ ಆಯ್ಕೆಯೂ ಬೇರೆಯಾಗಿರಬಹುದು. ಒಂದು ಎಂಜಿನ್‌ಗೆ ಬಳಸಿದ್ದನ್ನೇ ಇನ್ನೊಂದಕ್ಕೂ ಬಳಸುವ ಮುನ್ನ ಕೈಪಿಡಿ ನೋಡುವುದು ಅಗತ್ಯ.

ಮಾಲೀಕರು ಕೇಳಬೇಕಾದ್ದು

ದೋಣಿಯ ಮಾಲೀಕರು ತಾವೇ ಎಂಜಿನ್ ಬಿಚ್ಚಬೇಕೆಂದಿಲ್ಲ. ಆದರೆ ಜೋಡಣೆಯ ವೇಳೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಹಚ್ಚುತ್ತಿರುವ ಸೀಲಂಟ್ ಯಾವುದು? ಹಳೆಯದನ್ನು ಹೇಗೆ ತೆಗೆಯಲಾಯಿತು? ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿಯಲಾಗಿದೆಯೇ? ಗಟ್ಟಿಯಾಗಲು ಎಷ್ಟು ಸಮಯ ನೀಡಲಾಗಿದೆ?

ಒಂದು ಟ್ಯೂಬ್ ಸರಿಯಾದ ಸೀಲಂಟ್‌ಗೆ ತಗಲುವ ವೆಚ್ಚ ಹೊಸ ಪಿಸ್ಟನ್‌ನ ಬೆಲೆಯ ಮುಂದೆ ಅಲ್ಪ. ನಿಷೇಧದ ಅವಧಿಯ 61 ದಿನಗಳಲ್ಲಿ ಕಡಲು ಶಾಂತವಾಗಿ ದೋಣಿ ಇಳಿಸಲು ಸಾಧ್ಯವಾಗುವ ದಿನಗಳು ಕೆಲವೇ. ಆ ದಿನಗಳಲ್ಲಿ ಎಂಜಿನ್ ಗ್ಯಾರೇಜಿನಲ್ಲಿದ್ದರೆ ಆಗುವ ನಷ್ಟವನ್ನು, ಅಳಿವೆಯಲ್ಲಿ ನಿಂತುಹೋದರೆ ಎದುರಾಗುವ ಅಪಾಯವನ್ನು ಲೆಕ್ಕ ಹಾಕಿದರೆ ಜೋಡಣೆಗೆ ಒಂದು ದಿನ ಹೆಚ್ಚು ಕೊಡುವುದೇ ಲಾಭದಾಯಕ.